ನೀರಿನೊಳಗೆ ಎರಡು ಸೆಂಟಿಮೀಟರ್

ರಾತ್ರಿ ಎರಡೂವರೆಗೆ ಹಳೆ ಫ್ರಿಜ್ಜಿನೊಳಗೆ
ತೆಂಗಿನಕಾಯಿ ಬಿದ್ದ ಹಾಗೆ ಸದ್ದು.
ಗ್ರೇಶಿಯನ್ ಟಾರ್ಚು ಹಿಡಿದು ಓಡಿದರು.
ಏರ್‌ಲಾಕ್ ಹಾರಿ ಮೊಟ್ಟೆ ತಟ್ಟೆಯಲ್ಲಿ ಬಿದ್ದಿತ್ತು,
ಕಂದು ನೊರೆ ಬಾಗಿಲ ರಬ್ಬರಿಗೆ, ಥರ್ಮೋಮೀಟರಿನ ತಂತಿಗೆ,
ಅವರ ಲುಂಗಿಗೆ.

"ಲಾಗರ್ ಅಂದರೆ ಸಾಧು ಮಾರಾಯ್ತಿ,
ತಣ್ಣಗೆ ಕೂತು ಮೆಲ್ಲ ಹುಳಿಯುವುದು" ಅಂದಿದ್ದರು ಸಂಜೆ.
ದಕ್ಕೆಯ ಐಸ್ ಪ್ಲಾಂಟಿನಲ್ಲಿ ಮೂವತ್ತು ವರ್ಷ
ಕಂಪ್ರೆಸರು ಬಿಚ್ಚಿ ಕಟ್ಟಿದ ಕೈ,
ಹನ್ನೆರಡು ಡಿಗ್ರಿ ಅಂದರೆ ಹನ್ನೆರಡೇ.
ಆದರೆ ಕುಲಶೇಖರದಲ್ಲಿ ಒಂಬತ್ತಕ್ಕೆ ಹೋದ ಕರೆಂಟು
ಬಂದದ್ದು ಎರಡಕ್ಕೆ.
ಕ್ಯಾನನ್ನೂ ಕುತ್ತಿಗೆವರೆಗೆ ತುಂಬಿದ್ದರು. ಆಸೆ.

ಎರಡೂ ಅಂಗೈಯಲ್ಲಿ ಬಾಯಿ ಒತ್ತಿ ನಿಂತಿದ್ದರು,
ರಕ್ತ ನಿಲ್ಲಿಸುವವರ ಹಾಗೆ.
ಬಿಡಿ, ಅಂದೆ. ಒತ್ತಬಾರದು.
ಒಳಗಿನ ಗಾಳಿ ಹೋಗಬೇಕು, ಹೊರಗಿನದು ಬರಬಾರದು,
ಅಷ್ಟೇ ಅಲ್ಲವಾ ನಿಮ್ಮ ವಿದ್ಯೆ?
ಅದು ನನ್ನದೂ.

ಕಂಕನಾಡಿಯ ವಾರ್ಡಿನಲ್ಲಿ ಮಂಚದ ಕೆಳಗೆ ಗಾಜಿನ ಬಾಟಲಿಗಳು,
ಒಂದೊಂದಕ್ಕೂ ಯಾರದೋ ಪಕ್ಕೆಲುಬಿನ ಸಂದಿನಿಂದ ಇಳಿದ ನಳಿಗೆ,
ತುದಿ ನೀರಿನೊಳಗೆ ಎರಡು ಸೆಂಟಿಮೀಟರ್.
ಆಳವಾದರೆ ಗಾಳಿಗೆ ತಳ್ಳಲಾಗದು.
ಬಾಟಲಿಯನ್ನು ಎದೆಗಿಂತ ಮೇಲೆ
ಯಾವತ್ತೂ, ಯಾರೂ, ಗುಡಿಸುವವರೂ ಎತ್ತಬಾರದು.

ಬೆಂಗ್ರೆಯ ಅಸನಬ್ಬ, ಬೋಟಿನ ವಿಂಚು ಬಡಿದು
ಒಂದು ಶ್ವಾಸಕೋಶ ಮುದುಡಿದವನು.
ಮೂರನೇ ರಾತ್ರಿ ಅವನ ಗುಳ್ಳೆ ನಿಂತಿತು.
ಓಡಿದೆ. ನಳಿಗೆಯ ಮೇಲೆಯೇ ಮಲಗಿದ್ದ.
ಮೆಲ್ಲ ಹೊರಳಿಸಿದೆ: ಒಂದು ದೊಡ್ಡ ಗುಳ್ಳೆ,
ಆಮೇಲೆ ಸಾಲುಸಾಲು.
ಕಣ್ಣು ಮುಚ್ಚಿಕೊಂಡೇ ಕೇಳಿದ, "ಸಿಸ್ಟರ್, ಮಳೆ ಬಂತಾ?"

ಸಪೂರ ಏರ್‌ಲಾಕ್ ಬೇಡ ಅಂದೆ.
ಪಂಪಿನ ಮೇಸ್ತ್ರಿ ಬಿಟ್ಟುಹೋದ ಹೊಸ ಪೈಪು,
ಹೆಬ್ಬೆರಳು ದಪ್ಪ, ಕುದಿನೀರಲ್ಲಿ ಅದ್ದಿ
ಒಂದು ತುದಿ ಕ್ಯಾನಿನ ಬಾಯಿಗೆ,
ಇನ್ನೊಂದು ತರಕಾರಿ ಡ್ರಾಯರಿನಲ್ಲಿಟ್ಟ ಹಾರ್ಲಿಕ್ಸ್ ಬಾಟಲಿಗೆ.
ಎರಡು ಸೆಂಟಿಮೀಟರ್, ಸ್ಕೇಲು ಬೇಕಾಗಲಿಲ್ಲ.
ನೊರೆ ಕೆಮ್ಮಿತು, ಇಳಿಯಿತು.
ಬೆಳಗ್ಗೆವರೆಗೆ ಗುಡುಗುಡು,
ಕೊಳೆತ ಮೊಟ್ಟೆಯ ನಾತ; ಲಾಗರಿಗೆ ಸಹಜವಂತೆ.

ಹದಿಮೂರನೇ ದಿನ ಸದ್ದಿಲ್ಲ.
ಬಾಗಿಲಲ್ಲಿ ನಿಂತು ಗ್ರೇಶಿಯನ್, "ಸತ್ತಿತಾ?"

ನಿಂತರೆ ಎರಡರ್ಥ:
ಒಳಗೆ ಎಲ್ಲ ವಾಸಿಯಾಗಿದೆ,
ಇಲ್ಲ, ಎಲ್ಲೋ ಕಟ್ಟಿದೆ.
ಮೂವತ್ತೆಂಟು ವರ್ಷದಲ್ಲಿ ಒಮ್ಮೆಯೂ
ದೂರ ನಿಂತು ನನಗೆ ಹೇಳಲಾಗಿಲ್ಲ.

ಮೊಣಕಾಲೂರಿದೆ. ಪೈಪು ನೆಟ್ಟಗಿತ್ತು.
ನೀರು ಮಾತ್ರ, ತಂಪಿಗೆ,
ನಾಲ್ಕು ಬೆರಳಷ್ಟು ಮೇಲೆ ಹತ್ತಿತ್ತು,
ಒಳಗೆ ಯಾರೋ ಉಸಿರೆಳೆದು
ಬಿಡಲು ಮರೆತ ಹಾಗೆ.