ಹೋಗದ ನೀಲಿ

ಮೂರು ಸಲ ತೊಳೆದೆ.
ಮೊಣಕೈವರೆಗೆ ಸೋಪು, ಉಗುರಿಗೆ ಬ್ರಷ್ಷು.
ಹೆಡ್ ನರ್ಸ್ ರೊದಿಕಾ ನನ್ನ ಬೆರಳುಗಳನ್ನು
ದೀಪದಡಿ ಹೊರಳಿಸಿ ಹೊರಳಿಸಿ ನೋಡಿ
"ಇನ್ನೂ ಇದೆಯಲ್ಲ" ಅಂದಳು.

ಇರುತ್ತದೆ, ಮೇಡಂ.
ಇದು ಕೊಳೆಯಲ್ಲ.
ನೆಲದಿಂದ ಆರುನೂರು ಮೀಟರ್ ಕೆಳಗೆ ಕೈ ಹರಿದಾಗ
ರಕ್ತಕ್ಕಿಂತ ಮುಂಚೆ ಕಲ್ಲಿದ್ದಲ ಪುಡಿ ಬಂದು ಒಳಗೆ ಕೂತಿತು.
ಚರ್ಮ ಅದರ ಮೇಲೇ ಬಾಗಿಲು ಹಾಕಿಕೊಂಡಿತು.
ಜಿಯು ಕಣಿವೆಯ ಗಂಡಸರಿಗೆಲ್ಲ ಹೀಗೆ
ಎಲ್ಲೋ ಒಂದು ಕಡೆ ನೀಲಿ.

ಗಣಿ ಮುಚ್ಚಿದ ದಿನ ಬ್ಯಾಂಡು ಬಾರಿಸಿದರು,
ಯಾಕೆಂದು ಇವತ್ತಿಗೂ ತಿಳಿದಿಲ್ಲ.
ಪರಿಹಾರದ ದುಡ್ಡಲ್ಲಿ ಕೆಲವರು ಕಾರು ಕೊಂಡರು,
ಕೆಲವರು ದ್ರಾಕ್ಷಿ ಬಿಡಿಸಲು ಇಟಲಿಗೆ ಹೋದರು.
ನಾನು, ನಲವತ್ತೇಳಕ್ಕೆ,
ಹತ್ತೊಂಬತ್ತರ ಹುಡುಗಿಯರ ನಡುವೆ
ಮಂಡಿ ಹಿಡಿಸದ ಬೆಂಚಿನಲ್ಲಿ ತೂರಿಕೊಂಡೆ.
ಇನ್ನೂರಾರು ಮೂಳೆ!
ಒತೀಲಿಯಾ ಆಲೂಗಡ್ಡೆ ಸುಲಿಯುತ್ತ ಪಾಠ ಒಪ್ಪಿಸಿಕೊಳ್ಳುವಳು.
ತಲೆಬುರುಡೆಯಿಂದ ಸಲೀಸಾಗಿ ಇಳಿದು ಬಂದವನು
ಪ್ರತಿ ಸಲ ಪಾದದ ಹತ್ತಿರ ಎಡವುತ್ತಿದ್ದೆ.
"ಬೀಳು ಬೀಳು, ಸಾರು ಆರುತ್ತಿದೆ" ಅನ್ನುವಳು.

ಯಾಕೆ ಈ ಕೆಲಸ, ಅಂತ ಪ್ರವೇಶದ ದಿನ ಕೇಳಿದ್ದರು.
ರಾತ್ರಿ ಪಾಳಿ ಅಭ್ಯಾಸವಿದೆ, ಅಂದೆ.
ನಕ್ಕು ಬರೆದುಕೊಂಡರು.
ಹೇಳದೆ ಬಿಟ್ಟದ್ದು:
ಸುರಂಗ ಕುಸಿದ ಆಚೆ ಬದಿಗೆ ಹನ್ನೊಂದು ತಾಸು
ತಿತುಸ್‌ನ ತಲೆ ನನ್ನ ತೊಡೆಯ ಮೇಲಿತ್ತು.
ಎಲ್ಲಿ ಒತ್ತಬೇಕು, ಎಲ್ಲಿ ಬಿಗಿಯಬೇಕು, ನನಗೆ ಗೊತ್ತಿರಲಿಲ್ಲ.
ಇಷ್ಟಗಲದ ಎರಡು ಕೈ.
ಸುಮ್ಮನೆ ಹವೆಯ ಮಾತಾಡಿದೆ,
ಮೇಲೆ ಈಗ ಮಳೆ ನಿಂತಿರಬಹುದು, ಅಂತ.

ಈಗ ಮೂರನೇ ಮಹಡಿ, ಶ್ವಾಸಕೋಶದ ವಾರ್ಡು.
ಕತ್ತಲಲ್ಲಿ ಒಬ್ಬ ಅಜ್ಜಿ "ಸಿಸ್ಟರ್" ಅಂತ ಕೂಗಿ
ನನ್ನ ಮೀಸೆ ಕಂಡು "ಅಯ್ಯೋ" ಅಂದು
ಒಂದು ಕ್ಷಣ ಬಿಟ್ಟು
"ಆಗಲಿ, ನೀರು ಕೊಡು ಸಿಸ್ಟರ್" ಅನ್ನುತ್ತಾಳೆ.

ಹದಿನಾಲ್ಕನೇ ಹಾಸಿಗೆಗೆ ನಿನ್ನೆ ಹೊಸಬ.
ಸೂಜಿಗೆ ನರ ಹುಡುಕುತ್ತಿದ್ದ ನನ್ನ ಕೈಯನ್ನೇ
ತಿರುಗಿಸಿ ನೋಡಿದ.
ಮಾಸ್ಕಿನೊಳಗಿಂದ, ಉಸಿರು ಕೂಡಿಸಿ ಕೂಡಿಸಿ,
"ನೊರೊಕ್ ಬುನ್."
ಒಳ್ಳೇದಾಗಲಿ. ಲಿಫ್ಟು ಇಳಿಯುವ ಮುಂಚೆ
ನಾವು ಒಬ್ಬರಿಗೊಬ್ಬರು ಹೇಳುತ್ತಿದ್ದ ಮಾತು.
ಅವನ ಹೆಬ್ಬೆರಳಲ್ಲೂ ಅದೇ ನೀಲಿ.

ಬೆನ್ನಿಗೆ ಸ್ಟೆತೊಸ್ಕೋಪು ಇಟ್ಟೆ.
ಚಾವಣಿ ಬೀಳುವ ಮೊದಲು
ಆಧಾರದ ಮರ ಸಣ್ಣಗೆ ನರಳುತ್ತದೆ,
ಓಡಿರೋ ಅಂತ.
ಆ ಸದ್ದು ನನಗೂ ಗೊತ್ತು, ಅವನಿಗೂ ಗೊತ್ತು.
ಯಾರೂ ಓಡಲಿಲ್ಲ.

"ಮೇಲೆ ಹೇಗಿದೆ?" ಅಂದ.
ದಿಂಬು ಎತ್ತರಿಸಿದೆ. ಆಮ್ಲಜನಕ ಒಂದು ಗೆರೆ ಏರಿಸಿದೆ.
ಸೂಜಿ ಸರಿಯಾಗಿ ಕೂತಿತ್ತು, ಪಟ್ಟಿ ಅಂಟಿಸಿದೆ.
ಮೋಡ ಇದೆ ಅಣ್ಣ, ಅಂದೆ,
ಆದರೆ ಪರಂಗ್ ಬೆಟ್ಟದ ತುದಿ ಕಾಣಿಸುತ್ತಿದೆ,
ಹಿಮ ಇನ್ನೂ ಕರಗಿಲ್ಲ.