ಕಾಲಂ ಹದಿನಾಲ್ಕು

ಶಿಡ್ಲಘಟ್ಟದ ರೀಲರ್ ಬೀದಿಯಲ್ಲಿ
ಖಮರುನ್ನೀಸಾಳ ಹೆಬ್ಬೆಟ್ಟು ಮಿಷನ್ನಿಗೆ ಹತ್ತುವುದಿಲ್ಲ.
ಕುದಿನೀರಲ್ಲಿ ಗೂಡಿನ ಎಳೆ ಹುಡುಕಿ ಹುಡುಕಿ
ಬೆರಳ ಗೆರೆಗಳೂ ಬಿಚ್ಚಿಕೊಂಡು ಹೋಗಿವೆ ನೂಲಿನ ಜೊತೆ.
ಮೂರು ತಿಂಗಳಿಂದ ರೇಷನ್ ಇಲ್ಲ.

ಕೆರೆಯಾಚೆ ಕಾಲೊನಿಯ ಪಿಳ್ಳಕ್ಕನದು
ಮೊದಲ ಸಲಕ್ಕೇ ಹತ್ತುತ್ತದೆ.
ಅಕ್ಕಿ ಬರುತ್ತದೆ, ನೀರು ಬರುವುದಿಲ್ಲ.
ನಲ್ಲಿ ಮೇಲಿನ ಬೀದಿಗೇ ಮುಗಿದಿದೆ;
ಅಲ್ಲಿ ಅವಳ ಕೊಡಕ್ಕೆ ಇವತ್ತಿಗೂ
"ಆಮೇಲೆ ಬಾ."

ಅಗ್ರಹಾರದ ಮೂಲೆಮನೆಯ ಶೇಷಮ್ಮನವರು
ಕಾಫಿ ಕೊಟ್ಟರು.
ಸಕ್ಕರೆ ಹಿತ್ತಲ ಬಾಗಿಲಿಂದ ಬಂದದ್ದು
ಕಂಡೂ ಕಾಣದಂತೆ ಕುಡಿದೆ.
"ನಮಗೇನೂ ಬೇಡಪ್ಪ, ಹಾಗೇ ಬರ್ಕೊ."
ಬರೆದೆ.

ಕಾಲಂ ಹದಿನಾಲ್ಕು: ಬಡತನದ ಪ್ರಮಾಣ, ಹತ್ತಕ್ಕೆ ಎಷ್ಟು?
ಓದಿ ಹೇಳಿದಾಗ ಪಿಳ್ಳಕ್ಕ ನಕ್ಕಿದ್ದಳು:
"ಅಳೆಯೋಕೆ ಸೇರು ತಂದಿದೀಯಾ ಸಾಮಿ,
ಪಾವು ತಂದಿದೀಯಾ?"

ಚಿಂತಾಮಣಿ ಬಸ್ಸಿನಲ್ಲಿ ಕೂತು
ಹಾಳೆಯ ಹಿಂಬದಿಗೆ ಬರೆದುಕೊಂಡೆ:
ಒಬ್ಬಳಿಗೆ, ಹೆಬ್ಬೆಟ್ಟು ಕೇಳದ ಅಕ್ಕಿ.
ಒಬ್ಬಳಿಗೆ, ಮೂವತ್ತು ಮಾರು ಪೈಪು.
(ಆ "ಆಮೇಲೆ"ಗೆ ಏನು ಬರೆಯುವುದೋ ತಿಳಿಯಲಿಲ್ಲ.)
ಇನ್ನೊಬ್ಬರಿಗೆ, ಒಂದು ಕೆಜಿ ಸಕ್ಕರೆ,
ಪಕ್ಕದ ಮನೆಯಲ್ಲಿ ಕೊಟ್ಟು ಬರಬೇಕು.
ಅದಕ್ಕೆ ಹಿತ್ತಲ ದಾರಿ ಗೊತ್ತು.