ನೂರಾ ಹದಿಮೂರು

ಹಾವು ಏಣಿ ಬ್ಯಾಡ, ಅಂದಿದ್ದರು ವಿಜ್ಞಾನದ ಸರ್.
ಯಾರೂ ಆಡಿರಬಾರದು, ನೀವೇ ಹಡೆದಿರಬೇಕು.
ಒಂಬತ್ತನೇ ಇಯತ್ತೆಯ ನಾವು ಐದು ಮಂದಿ
ಸಾಖರಪೇಠದಲ್ಲಿ ಲಕ್ಷ್ಮೀಕಾಂತ ಕೊಂಡಾನ ಅಟ್ಟ ಹತ್ತಿ
ಮೊದಲು ಮಾಡಿದ್ದು ಹಾವು ಏಣಿಯನ್ನೇ,
ಹಾವಿನ ಜಾಗದಲ್ಲಿ ಬಸ್ಸು.
ಸುಗಲಾ ನೋಡಿ, ಹಾವೇ ಚಲೋ ಇತ್ತು, ಅಂದಳು.

ತಲೆಯ ಮೇಲೆ ಪತ್ರಾಸು
ಸೊಲ್ಲಾಪುರದ ಬಿಸಿಲನ್ನೆಲ್ಲ ಕುಡಿದು ನೆತ್ತಿಗೆ ಸುರಿಯುತ್ತಿತ್ತು.
ಕಾಲ ಕೆಳಗೆ ನಾಲ್ಕು ಮಗ್ಗ.
ಹಲಗೆಯ ನೆಲ ನಡುಗಿ ನಡುಗಿ
ಇಟ್ಟ ಕಾಯಿ ತಾನೇ ಒಂದು ಮನೆ ಸರಿಯುತ್ತಿತ್ತು.
ಇದನ್ನೇ ನಿಯಮ ಮಾಡೂಣು, ಅಂದಳು ತಬಸ್ಸುಮ್.
ನಾವು ನಕ್ಕೆವು.

ಮೂಲೆಯ ಗೋಣಿಚೀಲದಲ್ಲಿ
ಹಳೆಯ ಜಕಾರ್ಡಿನ ರಟ್ಟುಗಳು,
ಮೊಳದುದ್ದ, ಮೈತುಂಬ ತೂತು.
ರೇವಣಸಿದ್ಧ ಒಂದನ್ನು ಕಣ್ಣಿಗೆ ಹಿಡಿದು
ಒಬ್ಬೊಬ್ಬರನ್ನಾಗಿ ನಮ್ಮನ್ನು ನೋಡಿದ.
ಆಟ ಶುರುವಾದದ್ದು ಅಲ್ಲಿಂದ.

ಪಟದ ಮೇಲೆ ರಟ್ಟು ಇಡು. ದಾಳ ಬಿದ್ದಷ್ಟು ಮನೆ ನಡೆ,
ತೂತಿದ್ದಲ್ಲಿ ನಿನ್ನ ಕಂಡಿಕೆ ದಾಟಲಿ,
ಇಲ್ಲದಲ್ಲಿ ನಿಲ್ಲಲಿ.
ಮೂರು ಸಲ ನಿಂತರೆ ಎಳೆ ಕಡಿಯಿತು.
ಗಂಟು ಹಾಕಿಸಿಕೊಳ್ಳಲು ಬಲಗಡೆಯವರನ್ನು ಕೇಳಬೇಕು,
ಅವರು ಒಲ್ಲೆ ಅನ್ನಬಹುದು.
ಈ ಕೊನೆಯ ಸಾಲು ಸುಗಲಾಳದು.
ಅದರಿಂದ ಎರಡು ದಿನ ಮಾತು ಬಿಟ್ಟದ್ದು ನಾನು, ರೇವಣಸಿದ್ಧ.

ಮೊದಲ ಸಲ ಆಡಿದಾಗ ಮೂರು ತಾಸಾದರೂ ಮುಗಿಯಲಿಲ್ಲ.
ಎರಡನೇ ಸಲ ತಬಸ್ಸುಮ್ ನಾಲ್ಕೇ ಸರದಿಗೆ ಗೆದ್ದು
ಚಪ್ಪಲಿ ಮೆಟ್ಟಿ ಮನೆಗೆ ಹೊರಟಳು.
ನಿಯಮ ಕನ್ನಡದಲ್ಲಿ, ಜಗಳ ಮರಾಠಿಯಲ್ಲಿ,
ಲೆಕ್ಕ ಲಕ್ಷ್ಮೀಕಾಂತನ ಮನೆಯ ತೆಲುಗಿನಲ್ಲಿ.
ಅಳಿಸಿ ಅಳಿಸಿ ಪಟ ಹಪ್ಪಳವಾಗಿ
ಐದನೆಯದಕ್ಕೆ ಟವೆಲ್ಲಿನ ಖೋಕಾ ಹರಿದೆವು.

ದಾಳ ಅಂಗಡಿಯಲ್ಲಿ ಇತ್ತು.
ಕೊಂಡದ್ದು ನಮ್ಮದಲ್ಲ ಅಂತ ರೇವಣಸಿದ್ಧನ ಹಟ.
ಒಂದು ರಟ್ಟು ಕತ್ತರಿಸಿ, ಮಡಚಿ, ಅಂಟಿಸಿ
ತೂತುಗಳನ್ನೇ ಚುಕ್ಕಿ ಮಾಡಿದ,
ಬೇಡದ ತೂತಿಗೆ ಮೇಣ ಒತ್ತಿದ.

ಶನಿವಾರ ಸಂಜೆ ಕರೆಂಟು ಹೋಯಿತು.
ಮಗ್ಗ ನಿಂತರೂ ಕಿವಿಯೊಳಗೆ ಇನ್ನೂ ಓಡುತ್ತಿತ್ತು.
ಲಕ್ಷ್ಮೀಕಾಂತನ ಅಪ್ಪ ಮೋಂಬತ್ತಿ ಹಿಡಿದು ಮೇಲೆ ಬಂದರು.
ಬೈಗುಳಕ್ಕೆ ಕಾದೆವು.
ಅವರು ಕುಕ್ಕರಗಾಲಲ್ಲಿ ಕೂತು
ಒಂದು ರಟ್ಟೆತ್ತಿ, ಅಂಚಿನ ಅಂಕಿ ಓದಿ
ಇನ್ನೊಂದರ ಕೆಳಗೆ ಇಟ್ಟರು. ಆಮೇಲೆ ಮತ್ತೊಂದು.
ನವಿಲು, ಅಂದರು, ನಾವು ಕಲಸಿದ್ದನ್ನು ಸಾಲಿಗೆ ಹಚ್ಚುತ್ತ,
ಗುಜರಿಗೆ ಹೋದ ಮಗ್ಗದ ನವಿಲು.
ಇದು ಕೊಕ್ಕು. ಇಲ್ಲಿಂದ ಕುತ್ತಿಗಿ.
ನಮಗೆ ತೂತು ಬಿಟ್ಟು ಏನೂ ಕಾಣಲಿಲ್ಲ.
ಅವರ ಬೆರಳು ಮಾತ್ರ
ಗರಿ ಮುದುಡದ ಹಾಗೆ ಮೆಲ್ಲಗೆ ಹೋಗುತ್ತಿತ್ತು.

ನೂರಾ ಹನ್ನೆರಡು. ನೂರಾ ಹದಿನಾಲ್ಕು.
ಹದಿಮೂರು ಎಲ್ಲಿ?

ಯಾರೂ ಉಸಿರೆತ್ತಲಿಲ್ಲ.
ಕಣ್ಣಿನ ಮ್ಯಾಲೆ ಹಾಯೂ ಎಳಿ ಅದು, ಅಂದರು.
ಅದೊಂದು ತಪ್ಪಿದರ ನವಿಲು ನಿದ್ದಿ ಮಾಡಿದಂಗ ಕಾಣತದ.

ರೇವಣಸಿದ್ಧ ಮುಷ್ಟಿ ಬಿಚ್ಚಿದ.
ಬಿಚ್ಚಿ ಕೊಡಲೇನು ಕಾಕಾ, ಅಂದ, ಗಂಟಲು ಒಣಗಿ.

ಅವರು ದಾಳವನ್ನು ದೀಪಕ್ಕೆ ಹಿಡಿದು ತಿರುಗಿಸಿದರು.
ಗೋಡೆಯ ಮೇಲೆ ಒಂದು ಚುಕ್ಕಿ, ಎರಡು, ಐದು,
ಎಷ್ಟೋ ಹೊತ್ತು.
ಶಾಖಕ್ಕೆ ಮೇಣ ಕರಗಿ
ಮೂರರ ಮುಖದಲ್ಲಿ ಮುಚ್ಚಿದ್ದ ತೂತೊಂದು ತೆರೆಯಿತು.
ಹಾಗೇ ಎಸೆದರು.

ಮೂರು, ಅಂದಳು ಸುಗಲಾ.
ನಾಲ್ಕು, ಕಣ್ಣು ಕಾಣಲ್ಲೇನ ನಿನಗ, ಅಂದಳು ತಬಸ್ಸುಮ್.
ಅವರು ಕಂಡಿಕೆಗೆ ಕೈ ಹಾಕಿರಲಿಲ್ಲ ಇನ್ನೂ,
ಕೆಳಗೆ ಕರೆಂಟು ಬಂತು,
ಹಲಗೆ ನಡುಗಿತು,
ಕಂಡಿಕೆ ತಾನೇ ಹೊರಟಿತು.